ಪೆರೋಲ್ ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ

ಶರಣು ಶರಣಾರ್ಥಿ. ಇಲ್ಲಿ ಕೂತವರಲ್ಲಿ ಕೈದಿಗಳ ಮನೆಯವರೂ ಇದ್ದೀರಿ, ಕಾನೂನು ಓದುವ ಹುಡುಗರೂ ಇದ್ದೀರಿ. ಹಾಗಾಗಿ ಕಲಮುಗಳ ಪಟ್ಟಿ ಬಿಟ್ಟು, ಒಳಗಿರುವವನ ಅರ್ಜಿ ಎಲ್ಲಿ ನಿಂತುಹೋಗುತ್ತದೆ ಅನ್ನುವುದಷ್ಟನ್ನೇ ಹೇಳುತ್ತೇನೆ.

ಪೆರೋಲ್ ಅಂದರೆ ಕಾರಣ ತೋರಿಸಿ ಕೆಲವು ದಿನ ಜೈಲಿನಿಂದ ಹೊರಗೆ ಹೋಗಿ ಮರಳಲು ಸಿಗುವ ಅನುಮತಿ. ಅದು ಇರುವುದು ಶಿಕ್ಷೆಯಾದವರಿಗೆ. ಕೇಸು ಇನ್ನೂ ನಡೆದಿದ್ದರೆ ಕೇಳಬೇಕಾದದ್ದು ಜಾಮೀನು. ಶಿಕ್ಷೆಯಾಗಿ ಮೇಲ್ಮನವಿ ಬಾಕಿಯಿದ್ದರೆ ಆ ನ್ಯಾಯಾಲಯದಲ್ಲೇ ಶಿಕ್ಷೆ ಅಮಾನತು ಕೇಳಬಹುದು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಂ.

ಕೈದಿ ಅರ್ಜಿ ಕೊಡುವುದು ಜೈಲಿನ ಅಧೀಕ್ಷಕರಿಗೆ. ಅದಕ್ಕೇ ಎಲ್ಲವೂ ಅವರ ಕೈಯಲ್ಲಿದೆ ಅಂತ ಅವನು ತಿಳಿದಿರುತ್ತಾನೆ. ನಿಜವಾಗಿ ಅರ್ಜಿಯ ಹಣೆಬರಹ ಬರೆಯುವುದು ಊರಿನ ಪೊಲೀಸ್ ಠಾಣೆಯಿಂದ ಬರುವ ಒಂದು ಹಾಳೆ. ಪೊಲೀಸರು ಮನೆಗೆ ಬರುತ್ತಾರೆ, ಓಣಿಯವರನ್ನು ಕೇಳುತ್ತಾರೆ, ನೊಂದ ಕುಟುಂಬದವರನ್ನೂ ಕೇಳುತ್ತಾರೆ. ಕಡೆಗೆ 'ಬಿಟ್ಟರೆ ಶಾಂತಿಭಂಗ ಆಗುವ ಸಂಭವವಿದೆ' ಎಂಬ ಒಂದೇ ಸಾಲು. ಒಳಗಿದ್ದವನಿಗೆ ಆ ಸಾಲು ಕಾಣುವುದು ಅರ್ಜಿ ತಿರಸ್ಕಾರವಾದ ಮೇಲೆ.

ಆದ್ದರಿಂದ ಆ ಸಾಲಿಗೆ ಉತ್ತರ ಅರ್ಜಿಯಲ್ಲೇ ಇರಲಿ. ನೊಂದವರ ಮನೆ ಅದೇ ಓಣಿಯಲ್ಲಿದ್ದರೆ, ಬೇರೆ ಊರಿನ ಅಕ್ಕನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಇರುತ್ತೇನೆಂದು ವಿಳಾಸ ಸಹಿತ ಬರೆಯಬೇಕು, ಆ ಮನೆಯವರ ಒಪ್ಪಿಗೆ ಪತ್ರ ಹಚ್ಚಬೇಕು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡುತ್ತೇನೆಂದು ತಾನಾಗಿಯೇ ಬರೆದುಕೊಡುವುದೂ ಒಳ್ಳೆಯದು. ಜಾಮೀನು ನಿಲ್ಲುವವರ ಹೊಲದ ಉತಾರ (ಪಹಣಿ), ಆಧಾರ್ ಮೊದಲೇ ಜೋಡಿಸಿರಿ. ಮಂಜೂರಾದ ಮೇಲೆ ಜಾಮೀನುದಾರ ಸಿಗದೆ ಒಳಗೇ ದಿನ ಕಳೆಯುವುದಕ್ಕಿಂತ ಕೆಟ್ಟದ್ದಿಲ್ಲ.

ಕಾರಣವನ್ನು ಬಿಡಿಸಿ ಬರೆಯಿರಿ. 'ಮನೆಯ ತೊಂದರೆ' ಅಂದರೆ ಯಾರಿಗೂ ತಿಳಿಯುವುದಿಲ್ಲ. ತಾಯಿಗೆ ಶಸ್ತ್ರಚಿಕಿತ್ಸೆಯಾದರೆ ಆಸ್ಪತ್ರೆ, ತಾರೀಖು, ವೈದ್ಯರ ಪತ್ರ, ಮದುವೆಯಾದರೆ ಲಗ್ನಪತ್ರಿಕೆ, ಎಲ್ಲಕ್ಕೂ ಸಂಬಂಧ ತೋರಿಸುವ ರೇಷನ್ ಕಾರ್ಡ್. ಸಾವು, ಗಂಭೀರ ಕಾಯಿಲೆಯಂಥದ್ದಕ್ಕೆ ತುರ್ತು ಪೆರೋಲ್ ಬೇರೆಯೇ ಇದೆ, ಅರ್ಜಿಯ ತಲೆಯಲ್ಲೇ ಹಾಗಂತ ಬರೆಯಬೇಕು.

ಒಕ್ಕಲುತನ ಕಾರಣವಾಗುವುದಿಲ್ಲ ಅನ್ನುವ ಮಾತು ನಮ್ಮ ಕಡೆ ಬಹಳ ಇದೆ. ಅದು ತಪ್ಪು. 2024ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಬ್ಬ ಕೈದಿಗೆ ಹೊಲದ ಕೆಲಸಕ್ಕೇ 90 ದಿನ ಪೆರೋಲ್ ಕೊಟ್ಟಿದೆ. ಆದರೆ ಹಿಂಗಾರಿ ಜೋಳದ ಬಿತ್ತನೆಗೆ ಬೇಕಾದ ಅರ್ಜಿಯನ್ನು ಸೀಗಿ ಹುಣ್ಣಿಮೆಗೆ ಕೊಟ್ಟರೆ ಪೊಲೀಸ್ ವರದಿ ಬರುವಷ್ಟರಲ್ಲಿ ನೆಲದ ಹಸಿ ಆರಿರುತ್ತದೆ. ಮುಂಗಾರು ಇರುವಾಗಲೇ ಕೊಡಿರಿ.

ತಿರಸ್ಕಾರವಾದರೆ ಬಾಯಿಮಾತಿಗೆ ಸುಮ್ಮನಾಗಬೇಡಿ. ಲಿಖಿತ ಆದೇಶದ ನಕಲು, ಪೊಲೀಸ್ ವರದಿಯ ನಕಲು ಕೇಳಿ ಪಡೆಯಿರಿ, ಆ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿಗೆ ಅವೇ ಆಧಾರ. ಬೆಳಗಾವಿಯ ಹಿಂಡಲಗಾ ಜೈಲಿನ ಆದೇಶವಾದರೆ ಧಾರವಾಡ ಪೀಠ, ವಿಜಯಪುರದ ದರ್ಗಾ ಜೈಲಿನದಾದರೆ ಕಲಬುರಗಿ ಪೀಠ. ವಕೀಲರ ಫೀ ಕೊಡಲಾಗದು ಎನ್ನುವವರು ಕೇಳಿರಿ: ಬಂಧನದಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಜೀವಾವಧಿ ಕೈದಿ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷದಲ್ಲಿ ಪೆರೋಲಿನ ದಿನಗಳನ್ನು ಹಿಡಿಯುವಂತಿಲ್ಲ ಎಂದು ಗೋವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. 90 ದಿನ ಹೊರಗಿದ್ದರೆ ಆ ತಾರೀಖು 90 ದಿನ ಮುಂದೆ ಹೋಗುತ್ತದೆ. ಗೊತ್ತಿದ್ದೂ ಹೋಗುವವರೇ ಹೆಚ್ಚು. ಅವ್ವನ ಮುಖ ನೋಡುವುದಕ್ಕೆ ಅದು ದೊಡ್ಡ ಬೆಲೆಯಲ್ಲ ಅಂತಲೇ ನನಗೂ ಅನಿಸುತ್ತದೆ.

ಇನ್ನು ಮರಳುವುದು. ತಡವಾದರೆ ಜಾಮೀನುದಾರನ ಬಾಂಡ್ ಹಣಕ್ಕೆ ಕುತ್ತು, ಕೈದಿಯ ಶಿಕ್ಷೆಯ ದಿನ ಕಡಿಮೆ ಮಾಡುವ ರೆಮಿಷನ್‌ಗೂ ಕುತ್ತು, ಮುಂದಿನ ಅರ್ಜಿಯ ಮೇಲೂ ಕಪ್ಪು ಗುರುತು. ಜ್ವರ ಬಂದು ಮಲಗಿದರೂ ಅವಧಿ ಮುಗಿಯುವ ಮೊದಲೇ ಸರ್ಕಾರಿ ಆಸ್ಪತ್ರೆಯ ಪತ್ರದೊಂದಿಗೆ ವಿಸ್ತರಣೆ ಕೇಳಬೇಕು. ಇಂಡಿ, ಜಮಖಂಡಿ ಕಡೆಯಿಂದ ಬೆಳಗಾವಿಗೆ ಬರುವವರು ಕೊನೆಯ ದಿನದ ಬಸ್ಸನ್ನು ನಂಬಬೇಡಿ, ಹಿಂದಿನ ದಿನವೇ ಬಂದು ಯಾರದಾದರೂ ಮನೆಯಲ್ಲಿ ವಸತಿ ಮಾಡಿ, ಬೆಳಗ್ಗೆ ಗೇಟಿಗೆ ಹೋಗಿರಿ.