ಹೊಸ ಕ್ಯಾನ್ಸರ್ ಔಷಧಿ ಬೇಕು ಅಂದರೆ ಬೇಕು!

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಮಾತಾಡುತ್ತಿದ್ದೇನೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದರು: 'ನಿತ್ಯಪುಷ್ಪ ಮನೆ ಮುಂದೆನೇ ಇದೆ. ಕ್ಯಾನ್ಸರ್ ಔಷಧಿ ಅದರಿಂದಲೇ ಬಂದಿದೆ. ಹೊಸದು ಹುಡುಕೋಕೆ ಯಾಕೆ ದುಡ್ಡು ಸುರಿಯಬೇಕು?' ಓದಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಬಂದಿದ್ದು ನಿಜ. ಕೆನಡಾದ ವಿಜ್ಞಾನಿಗಳು ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ 1958ರ ಹೊತ್ತಿಗೆ ಆ ಗಿಡದಿಂದ ವಿನ್‌ಬ್ಲಾಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ತೆಗೆದರು. ಹುಡುಕಲು ಹೊರಟಿದ್ದು ಸಕ್ಕರೆ ಕಾಯಿಲೆಗೆ ಮದ್ದು! ಗಿಡದ ರಸ ಕೊಟ್ಟ ಇಲಿಗಳ ರಕ್ತದಲ್ಲಿ ಬಿಳಿ ಕಣಗಳು ಕುಸಿದಾಗ, ಇದು ಕ್ಯಾನ್ಸರ್‌ಗೆ ಆದೀತು ಅಂತ ಅವರಿಗೆ ಹೊಳೆಯಿತು.

ಹತ್ತಿ ಗಿರಣಿಯ ಊರು ನಮ್ಮದು, ಕದಿರು ಅಂದರೆ ಗೊತ್ತಲ್ವಾ? ಜೀವಕೋಶ ಎರಡಾಗುವಾಗ ಒಳಗೆ ಕದಿರಿನ ಆಕಾರದಲ್ಲಿ ಎಳೆಗಳು ಕಟ್ಟಿಕೊಳ್ಳುತ್ತವೆ. ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ವಿಜ್ಞಾನಿಗಳೂ ಅದನ್ನು ಸ್ಪಿಂಡಲ್, ಅಂದರೆ ಕದಿರು ಅಂತಲೇ ಕರೆಯುತ್ತಾರೆ. ವಿನ್‌ಬ್ಲಾಸ್ಟಿನ್ ಎಳೆ ಕಟ್ಟಲು ಬಿಡುವುದಿಲ್ಲ. ಯೂ ಮರದ ತೊಗಟೆಯಿಂದ ಬಂದ ಇನ್ನೊಂದು ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್, ಕಟ್ಟಿದ ಎಳೆ ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ಕ್ಯಾನ್ಸರ್ ಕೋಶ ಅರ್ಧದಲ್ಲೇ ಸಿಕ್ಕಿಬೀಳುತ್ತದೆ.

ಆದರೆ ಅದೇ ಎಳೆ ನಮ್ಮ ನರಗಳಲ್ಲೂ ಇದೆ. ಬೆರಳ ತುದಿವರೆಗೆ ಸಾಮಾನು ಸಾಗಿಸುವ ಹಳಿ ಅದು. ನಮ್ಮ ಚಿಕ್ಕಮ್ಮನಿಗೆ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರು. ಗಡ್ಡೆ ಕರಗಿತು, ದೇವರು ದೊಡ್ಡವನು. ಆದರೆ ಕೈ ಜೋಮು ಹಿಡಿಯಿತು. ನಲವತ್ತು ವರ್ಷ ಹೂ ಕಟ್ಟಿದ ಕೈ! ಬೆರಳಲ್ಲಿ ಮಲ್ಲಿಗೆ ಮೊಗ್ಗು ಇದೆಯೋ ಬಿದ್ದಿದೆಯೋ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೊಸದು ಬೇಕು.

ಇನ್ನೊಂದು. ಕೆಲವು ಕ್ಯಾನ್ಸರ್ ಕೋಶಗಳು ಒಳಗೆ ಬಂದ ಔಷಧಿಯನ್ನು ಪಂಪ್ ಹಾಕಿದ ಹಾಗೆ ಹೊರಗೆ ತಳ್ಳುವುದನ್ನು ಕಲಿತುಬಿಡುತ್ತವೆ. ಆಮೇಲೆ ಅದೇ ಔಷಧಿ ಎಷ್ಟು ಕೊಟ್ಟರೂ ಸುಮ್ನೆ. ಅದಕ್ಕೂ ಹೊಸದು ಬೇಕು!

'ಹೊಸದು ಹುಡುಕಿ ಏನು ಕಿತ್ತರು?' ಅಂತ ಕೇಳುತ್ತೀರಿ. 1999ರಲ್ಲಿ ಮೋನಾಸ್ಟ್ರಾಲ್ ಅನ್ನುವ ವಸ್ತು ಸಿಕ್ಕಿತು. ಅದು ಎಳೆಯನ್ನು ಮುಟ್ಟುವುದಿಲ್ಲ. ಕದಿರಿನ ಎರಡು ತುದಿಗಳನ್ನು ದೂರ ತಳ್ಳುವ ಪುಟ್ಟ ಮೋಟಾರನ್ನು ನಿಲ್ಲಿಸುತ್ತದೆ. ಅದೇ ದಾರಿಯಲ್ಲಿ ಮಾಡಿದ ಔಷಧಿಗಳು ರೋಗಿಗಳಲ್ಲಿ ಅಂದುಕೊಂಡಷ್ಟು ಫಲ ಕೊಡಲಿಲ್ಲ, ಒಪ್ಪುತ್ತೇನೆ. ಒಂದು ವರ್ಷ ಮಳೆ ಕೈಕೊಟ್ಟಿತು ಅಂತ ನಮ್ಮ ರೈತರು ಮೆಕ್ಕೆಜೋಳ ಬಿತ್ತುವುದನ್ನು ಬಿಟ್ಟಿದ್ದಾರಾ?

ಇನ್ನು ನಿತ್ಯಪುಷ್ಪದ ಎಲೆ ಅರೆದು ಕುಡಿಯುವವರು. ಅಣ್ಣಾ, ಅಕ್ಕಾ, ಕೈ ಮುಗಿಯುತ್ತೇನೆ, ಬೇಡ. ಆ ಗಿಡ ವಿಷ. ಅದರಿಂದ ತೆಗೆದ ಔಷಧಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಕೊಡುತ್ತಾರೆ. ನಿಮ್ಮ ಲೋಟದಲ್ಲಿ ಎಷ್ಟಿದೆ ಅಂತ ಯಾರು ಅಳೆಯುತ್ತಾರೆ?

ಹೊಸದು ಬೇಕು. ಬೇಕು ಅಂದರೆ ಬೇಕು. ಈ ವಿಡಿಯೋ ನಿಮ್ಮ ಮನೆಯವರ ಗ್ರೂಪಿಗೆ ಕಳಿಸಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಚಿಕ್ಕಮ್ಮನೇ ಬಂದು ಮಾತಾಡುತ್ತಾರೆ. ಕಾಮೆಂಟ್ ಹಾಕಿದ ಅಣ್ಣ, ನೀವಂತೂ ತಪ್ಪದೆ ನೋಡಬೇಕು.