ಗಾಳಿಬಿಗಿ ಮನೆಯಲ್ಲಿ ಒಗ್ಗರಣೆ

ನಮಸ್ಕಾರ. ಜರ್ಮನಿಯಲ್ಲಿ ಮನೆ ಕಟ್ಟಿಸಲು ಹೊರಟವರು ಇಲ್ಲಿ ಕೆಲವರಿದ್ದೀರಿ. ಹಾಗಾಗಿ ನೇರವಾಗಿ ಕೆಲಸದ ಮಾತಿಗೇ ಬರುತ್ತೇನೆ: ಮನೆಯನ್ನು ಗಾಳಿ ಸೋರದಂತೆ ಬಿಗಿ ಮಾಡುವುದು, ಆಮೇಲೆ ಗಾಳಿಯಾಡಿಸುವುದು ಹೇಗೆ ಎಂದು.

ನಮ್ಮೂರಿನ ಹಳೆ ಮನೆಗಳಲ್ಲಿ ಗವಾಕ್ಷಿ, ಹೆಂಚಿನ ಸಂದು ಗಾಳಿಯಾಡಿಸುತ್ತಿದ್ದವು. ಚಳಿ ದೇಶದಲ್ಲಿ ಅದೇ ಸಂದು ಮನೆಯನ್ನು ತಿನ್ನುತ್ತದೆ. ಶಾಖ ಸೋರುವುದು ಚಿಕ್ಕ ನಷ್ಟ. ಒಳಗಿನ ಬೆಚ್ಚಗಿನ ತೇವದ ಗಾಳಿ ಚಾವಣಿಯ ಪದರಗಳಿಗೆ ನುಗ್ಗಿ, ತಣ್ಣಗಾದ ಕಡೆ ನೀರಾಗಿ ಮರದ ತೊಲೆಯನ್ನು ಕೊಳೆಸುವುದು ದೊಡ್ಡ ನಷ್ಟ.

ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ ಮನೆಗಳಿಂದ ಬೆಳೆದ ಪ್ಯಾಸಿವ್ ಹೌಸ್ (ತೀರ ಕಡಿಮೆ ಶಾಖದಲ್ಲೇ ಬೆಚ್ಚಗಿರುವ ಮನೆ) ಪದ್ಧತಿಯ ಮಿತಿ ಹೀಗಿದೆ: 50 ಪಾಸ್ಕಲ್ ಒತ್ತಡದಲ್ಲಿ ಗಾಳಿ ಗಂಟೆಗೆ ಮನೆಯ ಒಳಗಾತ್ರದ 0.6 ಪಟ್ಟಿಗಿಂತ ಹೆಚ್ಚು ಸೋರಬಾರದು. 120 ಚದರ ಮೀಟರ್ ನೆಲ, 2.5 ಮೀಟರ್ ಎತ್ತರ ಎಂದರೆ 300 ಘನ ಮೀಟರ್. ಸೋರಿಕೆಗೆ ಗಂಟೆಗೆ 180 ಘನ ಮೀಟರ್ ಅವಕಾಶ.

ಇಟ್ಟಿಗೆ ಮನೆಯಲ್ಲಿ ಗಾಳಿ ತಡೆಯುವುದು ಒಳಗಾರೆ, ಇಟ್ಟಿಗೆಯಲ್ಲ. ತೂತಿನ ಇಟ್ಟಿಗೆಯೊಳಗೆ ಗಾಳಿ ಆರಾಮಾಗಿ ಓಡಾಡುತ್ತದೆ. ಕೆಲಸದವರು ಸಾಮಾನ್ಯವಾಗಿ ಗಾರೆಯನ್ನು ನೆಲದಿಂದ ನಾಲ್ಕು ಬೆರಳು ಮೇಲೆಯೇ ನಿಲ್ಲಿಸುತ್ತಾರೆ, ಹೇಗೂ ನೆಲಹಾಸು ಮುಚ್ಚುತ್ತದೆ ಎಂದು. ಸೋರಿಕೆ ಅಲ್ಲೇ ಶುರು. ಗಾರೆ ಕಾಂಕ್ರೀಟ್ ನೆಲಕ್ಕೇ ಮುಟ್ಟಬೇಕು. ಸ್ವಿಚ್ ಬಾಕ್ಸನ್ನು ಜಿಪ್ಸಂನಲ್ಲಿ ಪೂರ್ತಿ ಕೂರಿಸಿ. ವೈರ್ ಎಳೆದ ಮೇಲೆ ಪೈಪಿನ ಬಾಯಿ ಮುಚ್ಚಿ. ಕಿಟಕಿ ಚೌಕಟ್ಟಿಗೆ ಅಂಟಿಸುವ ಟೇಪಿನ ಇನ್ನೊಂದು ಅಂಚು ಗಾರೆಯೊಳಗೆ ಸೇರಲಿ. ಸುತ್ತಲೂ ತುಂಬುವ ಫೋಮ್ ಒಂದೇ ಸಾಲದು, ವರ್ಷ ಕಳೆದಂತೆ ಅಂಚು ಬಿಡುತ್ತದೆ.

ಬಾಗಿಲಿಗೆ ಫ್ಯಾನ್ ಕೂರಿಸಿ ಸೋರಿಕೆ ಅಳೆಯುವ ಬ್ಲೋವರ್ ಡೋರ್ ಪರೀಕ್ಷೆಯನ್ನು ಎರಡು ಸಲ ಮಾಡಿಸಿ. ಮೊದಲನೆಯದು ಜಿಪ್ಸಂ ಹಲಗೆ ಹೊಡೆಯುವ ಮುಂಚೆ, ತೂತುಗಳು ಕೈಗೆ ಸಿಗುವಾಗ. ಎರಡನೆಯದು ಮನೆ ಮುಗಿದ ಮೇಲೆ. ಫ್ಯಾನ್ ಓಡುವಾಗ ಊದುಬತ್ತಿ ಹಿಡಿದರೆ ಹೊಗೆ ತೂತನ್ನು ತೋರಿಸುತ್ತದೆ.

ಇಷ್ಟು ಬಿಗಿ ಮಾಡಿದ ಮೇಲೆ ಗಾಳಿಯನ್ನು ಯಂತ್ರದಿಂದ ನಾವೇ ಕೊಡಬೇಕು. ತಲೆಗೆ ಗಂಟೆಗೆ 30 ಘನ ಮೀಟರಿನಂತೆ ನಾಲ್ವರಿಗೆ 120. ಹೊಸ ಗಾಳಿ ಮಲಗುವ ಕೋಣೆ, ಹಾಲ್‌ಗೆ. ಅಡುಗೆಮನೆಯಿಂದ 60, ಬಚ್ಚಲಿನಿಂದ 40, ಶೌಚಾಲಯದಿಂದ 20 ಹೊರಕ್ಕೆ. ಒಳಬರುವುದೂ ಹೊರಹೋಗುವುದೂ ಸರಿದೂಗಬೇಕು. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಉಷ್ಣ ವಿನಿಮಯಕವಿಲ್ಲದಿದ್ದರೆ ಹೊರಗೆ 0, ಒಳಗೆ 20 ಡಿಗ್ರಿ ಇರುವಾಗ ಸುಮಾರು 790 ವ್ಯಾಟ್ ಶಾಖ ಪೋಲು. 80% ಮರಳಿಸುವ ಯಂತ್ರದಲ್ಲಿ ಸುಮಾರು 160. ಕೋಣೆಯ ಬಾಗಿಲ ಕೆಳಗೆ 15 ಮಿಲಿಮೀಟರ್ ಬಿಡಿ. ಬಾಗಿಲು ನೆಲಕ್ಕೆ ಒತ್ತಿಕೊಂಡರೆ ಗಾಳಿ ದಾರಿ ಕಾಣದೆ ಕೋಣೆಯಲ್ಲೇ ಉಸಿರುಗಟ್ಟುತ್ತದೆ. ಫಿಲ್ಟರನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಿ, ದಿನಾಂಕ ಯಂತ್ರದ ಮೇಲೇ ಬರೆದಿಡಿ.

ಇನ್ನು ನಮ್ಮ ಅಡುಗೆ. ಬ್ರೆಡ್ಡು ಕಾಯಿಸುವವರ ಲೆಕ್ಕದ 60 ಘನ ಮೀಟರ್, ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹುರಿಯುವವರಿಗೆ ಸಾಲುವುದಿಲ್ಲ. ಹಾಗೆಂದು ಒಲೆಯ ಮೇಲೆ ಹೊಗೆ ಎಳೆದು ಹೊರಕ್ಕೆ ಊದುವ, ಗಂಟೆಗೆ 500 ಘನ ಮೀಟರಿನ ದೊಡ್ಡ ಹುಡ್ ಹಾಕಿದರೆ, ಬದಲಿ ಗಾಳಿ ಬರಲು ದಾರಿಯಿಲ್ಲದೆ ಮನೆಯೊಳಗಿನ ಒತ್ತಡ ಇಳಿಯುತ್ತದೆ. ಹುಡ್ ಗದ್ದಲ ಮಾಡುತ್ತದೆ, ಎಳೆಯುವುದಿಲ್ಲ. ಹಾಲ್‌ನಲ್ಲಿ ಸೌದೆ ಒಲೆ ಉರಿಯುತ್ತಿದ್ದರೆ ಅದರ ಹೊಗೆ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಚಿಮಣಿಯಿಂದ ಕೆಳಗಿಳಿದು ಕೋಣೆಗೇ ಬರಬಹುದು. ಇದು ಜೀವಕ್ಕೆ ಅಪಾಯ.

ನನ್ನ ಮತ: ಇದ್ದಿಲು ಫಿಲ್ಟರಿನ, ಗಾಳಿಯನ್ನು ಒಳಗೇ ತಿರುಗಿಸುವ ಹುಡ್ ಸಾಕು. ಅದು ಜಿಡ್ಡನ್ನು ಹಿಡಿದಿಡುತ್ತದೆ, ವಾಸನೆ ತಗ್ಗಿಸುತ್ತದೆ. ಆವಿಯನ್ನು ಮಾತ್ರ ತೆಗೆಯುವುದಿಲ್ಲ. ಅನ್ನ, ಸಾರು ಕುದಿಯುವಾಗ ಯಂತ್ರವನ್ನು ಹೆಚ್ಚಿನ ವೇಗಕ್ಕೆ ಹಾಕಿ, ಒಲೆ ಆರಿಸಿದ ಅರ್ಧ ಗಂಟೆ ಹಾಗೇ ಬಿಡಿ. ಅಡುಗೆಮನೆಯ ಗಾಳಿಯನ್ನು ಹೊರಗೆಳೆಯುವ ಬಾಯಿಯನ್ನು ಒಲೆಯಿಂದ ದೂರವಿಟ್ಟು ಜಿಡ್ಡಿನ ಜಾಲರಿ ಹಾಕಿ. ಇಲ್ಲದಿದ್ದರೆ ಎಣ್ಣೆ ಡಕ್ಟಿನೊಳಗೆ ಅಂಟಿಕೊಳ್ಳುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಹೊರಕ್ಕೆ ಊದುವ ಹುಡ್ಡೇ ಬೇಕೆನ್ನುವವರು ಕಿಟಕಿಗೆ ಸಂಪರ್ಕ ಸ್ವಿಚ್ ಹಾಕಿಸಿ: ಕಿಟಕಿ ತೆರೆಯದೆ ಹುಡ್ ಓಡಬಾರದು.