ಹೈಲೈಟ್ಸ್ ನೋಡಿ ಕೋಡ್ ಬರೆಯಲು ಕೂರಬೇಡಿ

ನಮಸ್ಕಾರ್ರೀ ಎಲ್ಲರಿಗೂ. ಪ್ರೋಗ್ರಾಂ ಬರೆಯುವವರಿಗಾಗಿ ಗೂಗಲ್ ನಡೆಸುವ ಐಓ ಸಮ್ಮೇಳನದ ಮೊದಲ ಭಾಷಣ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 10ಕ್ಕೆ ಶುರುವಾದರೆ ನಮ್ಮ ಹುಬ್ಬಳ್ಳಿಯಲ್ಲಿ ರಾತ್ರಿ 10:30. ಊಟ ಮುಗಿದು ಕಣ್ಣು ಎಳೆಯುವ ಹೊತ್ತು. ಹಾಗಾಗಿ ನಮ್ಮಲ್ಲಿ ತುಂಬಾ ಜನ ಮರುದಿನ ಧಾರವಾಡದ ಚಿಗರಿ ಬಸ್ಸಿನಲ್ಲಿ ಕೂತು ಹತ್ತು ನಿಮಿಷದ ಹೈಲೈಟ್ಸ್ ನೋಡುತ್ತೇವೆ. ನವನಗರ ಬರುವಷ್ಟರಲ್ಲಿ ಎಲ್ಲ ತಿಳಿಯಿತು ಅನ್ನಿಸುತ್ತದೆ.

ನನಗೂ ಹಾಗೇ ಅನ್ನಿಸಿತ್ತು. 2019ರ ಐಓದಲ್ಲಿ ಜೆಟ್‌ಪ್ಯಾಕ್ ಕಂಪೋಸ್ ಅನ್ನುವ ಹೊಸ ಸಲಕರಣೆ ತೋರಿಸಿದರು. ಆಂಡ್ರಾಯ್ಡ್ ಆ್ಯಪ್‌ನ ಸ್ಕ್ರೀನ್‌ಗಳನ್ನು ಎಕ್ಸ್‌ಎಂಎಲ್ ಅನ್ನುವ ಬೇರೆ ಫೈಲ್‌ಗಳಲ್ಲಿ ಬರೆಯುವುದು ಬಿಟ್ಟು ಕಾಟ್ಲಿನ್ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆಯಬಹುದು ಅಂದರು. ಪ್ರಿವ್ಯೂ ಕೈಗೆ ಸಿಕ್ಕ ಕೂಡಲೇ ಒಂದು ಅಂಗಡಿಯ ಬಿಲ್ ಆ್ಯಪ್ ಅನ್ನು ಅದರಲ್ಲೇ ಶುರು ಮಾಡಿದೆ. ಪ್ರತಿ ಹೊಸ ಆವೃತ್ತಿಗೂ ಏನಾದರೊಂದು ಬದಲಾಗುತ್ತಿತ್ತು, ನಾನು ಮತ್ತೆ ಬರೆಯುತ್ತಿದ್ದೆ. ಅದರ ಸ್ಥಿರ ಆವೃತ್ತಿ 1.0 ಬಂದದ್ದು 2021ರ ಜುಲೈನಲ್ಲಿ! ಇನ್ನೂ ಪ್ರಯೋಗದ ಹಂತ ಅಂತ ಗೂಗಲ್ ಮೊದಲೇ ಹೇಳಿತ್ತು. ನಾನು ನೋಡಿದ ವಿಡಿಯೋದಲ್ಲಿ ಆ ಮಾತಿರಲಿಲ್ಲ. ಅಂಗಡಿಯವರು ತಿಂಗಳುಗಟ್ಟಲೆ ಕಾದರು. ಅದು ನನಗೆ ಇವತ್ತಿಗೂ ಬೇಜಾರು.

ಆಮೇಲೆ ನಾನು ಪೂರ್ತಿ ಭಾಷಣ ನೋಡುವುದನ್ನು ರೂಢಿ ಮಾಡಿಕೊಂಡೆ. ಒಂದು ಭಾಷಣವನ್ನಂತೂ ನೀವೂ ನೋಡಲೇಬೇಕು. ರಯನ್ ಡಾಲ್ 2009ರಲ್ಲಿ ಬರ್ಲಿನ್‌ನ ಜೆಎಸ್‌ಕಾನ್ಫ್ ಇಯು ಅನ್ನುವ ಜಾವಾಸ್ಕ್ರಿಪ್ಟ್ ಸಮ್ಮೇಳನದಲ್ಲಿ ನೋಡ್ ಜೆಎಸ್ ತೋರಿಸಿದ್ದರು. ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಂಗಳನ್ನು ಬ್ರೌಸರ್‌ನ ಹೊರಗೂ ಓಡಿಸುವ ತಂತ್ರಾಂಶ ಅದು. 2018ರಲ್ಲಿ ಅದೇ ಸಮ್ಮೇಳನಕ್ಕೆ ಬಂದು, ತಾವೇ ಕಟ್ಟಿದ ನೋಡ್‌ನಲ್ಲಿ ತಮಗೆ ಪಶ್ಚಾತ್ತಾಪವಿರುವ ವಿಷಯಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು. ತಡವಾಗಿ ಬರುವ ಉತ್ತರಕ್ಕೆ ಕಾಯಲು ನೆರವಾಗುವ ಪ್ರಾಮಿಸ್ ಅನ್ನು 2009ರಲ್ಲೇ ಸೇರಿಸಿ 2010ರಲ್ಲಿ ತೆಗೆದುಬಿಟ್ಟಿದ್ದರು. ಉಳಿಸಿಕೊಂಡಿದ್ದರೆ, ಅಂಥ ಕೋಡನ್ನು ಸರಳವಾಗಿ ಬರೆಯುವ ಅಸಿಂಕ್-ಅವೇಟ್ ವಿಧಾನ ಬೇಗ ಬರುತ್ತಿತ್ತೇನೋ ಅಂದರು. ಬೇರೆಯವರು ಬರೆದ ಕೋಡ್ ಬಂದು ಕೂತು ನಮ್ಮೆಲ್ಲರ ಲ್ಯಾಪ್‌ಟಾಪ್ ತುಂಬುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಕೂಡ ಆ ಪಟ್ಟಿಯಲ್ಲಿತ್ತು. ಕೊನೆಗೆ, ನೋಡ್ ಮಾಡುವ ಕೆಲಸವನ್ನೇ ಮಾಡುವ ತಮ್ಮ ಹೊಸ ತಂತ್ರಾಂಶ ಡೀನೋ ತೋರಿಸಿದರು.

ಹೈಲೈಟ್ಸ್‌ನಲ್ಲಿ ಇದು ‘ಡೀನೋ ಬಂತು’ ಅನ್ನುವ ಒಂದು ಸಾಲು, ಅಷ್ಟೇ. ಆದರೆ ಡೀನೋದಲ್ಲಿ ಪ್ರೋಗ್ರಾಂಗೆ ಫೈಲ್, ನೆಟ್‌ವರ್ಕ್ ಮುಟ್ಟಲು ನಾವು ಅನುಮತಿ ಕೊಡಬೇಕು. ಯಾಕೆ ಹಾಗೆ ಮಾಡಿದರು? ನೋಡ್‌ನಲ್ಲಿ ಅದು ಸಡಿಲ ಬಿಟ್ಟಿದ್ದು ಅವರನ್ನು ಕಾಡಿತ್ತು. ಆ ‘ಯಾಕೆ’ ತಿಳಿಯಬೇಕಾದರೆ ಪಶ್ಚಾತ್ತಾಪದ ಮಾತೆಲ್ಲ ಕೇಳಬೇಕು, ಅಲ್ವಾ? ನನ್ನ ಮಟ್ಟಿಗೆ ಸಮ್ಮೇಳನದ ತಿರುಳು ಅಲ್ಲೇ ಇದೆ. ಹೊಸ ಹೆಸರು ಮರುದಿನ ಹೇಗೂ ಎಲ್ಲ ಕಡೆ ಸಿಗುತ್ತದೆ.

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಪ್ರತಿ ಸಲ ಕೇಳುತ್ತಾನೆ, “ಅಕ್ಕಾ, ಈ ಸಲ ಹೊಸಾದು ಏನ್ ಬಂತ್ರೀ?” ಅವನ ಆಸೆ ನನಗೆ ಇಷ್ಟ. ಊರಲ್ಲಿ ಬಿವಿಬಿ, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಪಕ್ಕದ ಧಾರವಾಡದಲ್ಲಿ ಐಐಟಿ ಇದೆ, ಕಲಿಯುವ ಮಕ್ಕಳಿಗೆ ಬರವಿಲ್ಲ. ಬೆಂಗಳೂರಿನ ಸಮ್ಮೇಳನಕ್ಕೆ ಹೋಗಬೇಕಾದರೆ ಟಿಕೆಟ್, ರೈಲು, ರಜೆ ಎಲ್ಲ ಕೂಡಿ ಬರಬೇಕು. ಬೇರೆ ದೇಶದ ಮಾತಂತೂ ದೂರವೇ ಉಳಿಯಿತು. ಆದರೆ ಎಷ್ಟೋ ಭಾಷಣಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಇವೆ.

ಅದಕ್ಕೇ ನಾವು ನಾಲ್ಕು ಜನ ಭಾನುವಾರ ವಿದ್ಯಾನಗರದ ನಮ್ಮ ಮನೆಯಲ್ಲಿ ಸೇರುತ್ತೇವೆ. ವಾರಕ್ಕೆ ಒಂದೇ ಭಾಷಣ, ನಮ್ಮ ಕೆಲಸಕ್ಕೆ ತಾಗುವಂಥದ್ದು. ಅರ್ಥವಾಗದ ಕಡೆ ನಿಲ್ಲಿಸಿ, ಆ ಕೋಡನ್ನು ನಾವೇ ಟೈಪ್ ಮಾಡಿ ನೋಡುತ್ತೇವೆ. ಅರ್ಧ ಗಂಟೆಯ ವಿಡಿಯೋಗೆ ಎರಡು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಈ ಭಾನುವಾರ ಡಾಲ್ ಅವರದ್ದೇ ಹಾಕುತ್ತೇವೆ. ಆ ಹುಡುಗನಿಗೂ ಬಾ ಅಂದಿದ್ದೇನೆ.